ಮಾತು ನಿಂತ ಮೇಲೂ ಹಾಡು

ದ್ವಾರಕಾದ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಪಾರ್ಶ್ವವಾಯು ಬಡಿದಾಗ ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಏನು ಕೇಳಿದರೂ "ಅದು, ಅದು" ಅಷ್ಟೇ. ಬುದ್ಧಿಯೂ ಹೋಯಿತೆಂದುಕೊಂಡು, ಅವರನ್ನು ಊರಿಗೆ ಕಳಿಸುವ ಮಾತನ್ನು ಮಂಚದ ಪಕ್ಕದಲ್ಲೇ ಆಡಿದೆವು. ಅವರ ಕಣ್ಣಲ್ಲಿ ನೀರು ಕಂಡಾಗಲೇ ನಮಗೆ ಗೊತ್ತಾದದ್ದು, ಎಲ್ಲವೂ ಅರ್ಥವಾಗುತ್ತಿದೆ ಎಂದು. ಆ ನಾಚಿಕೆಯೇ ನನ್ನನ್ನು ಮಿದುಳಿನ ಚರಿತ್ರೆ ಓದಲು ಕೂರಿಸಿತು.

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ಮೂವತ್ತರ ವಯಸ್ಸಿಗೆ ಮಾತು ಹೋಗಿ, "ತಾನ್" ಎಂಬ ಸದ್ದೊಂದು ಉಳಿದಿತ್ತು. ಸಿಟ್ಟು ಬಂದರೆ ಮಾತ್ರ ಬೈಗುಳ ಪೂರ್ತಿಯಾಗಿ ಹೊರಬರುತ್ತಿತ್ತಂತೆ! 1861ರ ಏಪ್ರಿಲ್‌ನಲ್ಲಿ ಅವನು ಸತ್ತ ಮರುದಿನವೇ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಎಡಗಡೆಯ ಮುಂಭಾಗ ಕೆಟ್ಟಿತ್ತು. ಮಾತು ಹೊರಡುವ ಜಾಗಕ್ಕೆ ಬ್ರೋಕಾ ಹೆಸರು ಬಂತು. ಪಾಪ, ಆ ರೋಗಿ ಪುಸ್ತಕಗಳಲ್ಲಿ ಬರೀ "ತಾನ್" ಆಗಿಯೇ ಉಳಿದ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗ ತೋರಿಸಿದರು, ಎಡಗಿವಿಯ ಮೇಲ್ಭಾಗದ ಹತ್ತಿರ. ಅದು ಕೆಟ್ಟರೆ ಮಾತು ಸರಾಗ, ಆದರೆ ಅರ್ಥವಿಲ್ಲ. ಬೇರೆಯವರು ಹೇಳಿದ್ದೂ ತಿಳಿಯದು. ಎಡ ಮಿದುಳೇ ಬಲಗೈಯನ್ನೂ ಆಡಿಸುವುದು. ನಮ್ಮ ಅತ್ತೆ ಲೆಬೋರ್ನ್ ಕಡೆಯವರು.

ಓದುವುದಕ್ಕೂ ಜಾಗವಿದೆ. ನಮ್ಮ ಪಕ್ಕದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2009ರಲ್ಲಿ, ದೇವನಾಗರಿ ಓದುವಾಗ ಮಿದುಳಿನ ಎರಡೂ ಅರ್ಧಗಳು ದುಡಿಯುತ್ತವೆ ಎಂದು ಪ್ರಕಟಿಸಿದರು. ಮಾತ್ರೆಗಳು ಅಕ್ಷರದ ಮೇಲೆ, ಕೆಳಗೆ, ಅಕ್ಕಪಕ್ಕ ಕೂರುತ್ತವಲ್ಲ, ಅದಕ್ಕೇ. ನಮ್ಮ ಕೊಂಬು, ಒತ್ತಕ್ಷರಗಳೇನು ಕಡಿಮೆಯೇ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹಾಡಿನ ವಿಷಯ. 18ನೇ ಶತಮಾನದ ಸ್ವೀಡನ್ನಿನಲ್ಲಿ, "ಹೌದು" ಬಿಟ್ಟು ಬೇರೇನೂ ಆಡಲಾರದ ರೈತನ ಮಗನೊಬ್ಬ ಮೊದಲೇ ಕಲಿತ ಭಕ್ತಿಗೀತೆಗಳನ್ನು ಹಾಡುತ್ತಿದ್ದನೆಂದು ಬರೆದಿಟ್ಟಿದ್ದಾರೆ. 1973ರಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಚಿಕಿತ್ಸೆಯಾಗಿಸಿದರು: ಮಾತನ್ನು ರಾಗದಲ್ಲಿ ಹೇಳಿಸುವುದು. ಹಾಡಿಗೆ ಬಲ ಅರ್ಧದ ನೆರವೂ ಉಂಟೆಂಬುದು ಅವರ ನಂಬಿಕೆ.

ಒಂದು ಶುಕ್ರವಾರ ದೀಪ ಹಚ್ಚುತ್ತಾ ಪುರಂದರದಾಸರ ದೇವರನಾಮ ಎತ್ತಿಕೊಂಡೆ. ಎರಡನೆಯ ಸಾಲು ಮಂಚದಿಂದ ಬಂತು, ಒಂದಕ್ಷರ ತಪ್ಪದೆ. ಈಗ ನೀರು ಬೇಕೆಂದರೂ ರಾಗದಲ್ಲೇ ಕೇಳುತ್ತಾರೆ, ನಾವೂ ರಾಗದಲ್ಲೇ ಉತ್ತರಿಸುತ್ತೇವೆ. ಎದುರು ಮನೆಯ ಪಂಜಾಬಿ ಆಂಟಿ, ಮನೆಯಲ್ಲಿ ಸಂಗೀತದ ಕ್ಲಾಸು ಶುರುವಾಯಿತೇ ಎಂದು ಕೇಳಿದರು.