ಎಣಿಕೆಗೆ ಸಿಕ್ಕಿದ್ದು, ಅಳತೆಗೆ ಸಿಗದ್ದು

ಸಂಗೀತದ ಗಣಿತವನ್ನು ಶಾಲೆಯ ಪ್ರಾಜೆಕ್ಟಿಗೆ ಆರಿಸಿಕೊಂಡ ಮಕ್ಕಳು ಸಾಮಾನ್ಯವಾಗಿ ಪೈಥಾಗೊರಸನ ತಂತಿಯಿಂದ ಶುರುಮಾಡುತ್ತಾರೆ. ತಂತಿಯನ್ನು ನಡುವೆ ಒತ್ತಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಿಡಿದರೆ ಪಂಚಮ. ತಪ್ಪೇನಿಲ್ಲ. ಆದರೆ ಮಾರ್ಗಳಿಯ ಕಚೇರಿಗಳ ಕಾಲ ಬಂತೆಂದರೆ ಸಭೆಯಿಂದ ಸಭೆಗೆ ಓಡುವ ಚೆನ್ನೈಯಲ್ಲಿ ಕೂತವರು ಅಷ್ಟು ದೂರ ಹೋಗಬೇಕಿಲ್ಲ. ದಕ್ಷಿಣದ ಸಂಗೀತಶಾಸ್ತ್ರದಲ್ಲಿ ಗಣಿತ ಗಟ್ಟಿಯಾಗಿ ಬೇರುಬಿಟ್ಟದ್ದು ಎಣಿಕೆಯಲ್ಲಿ.

ಅದರ ಮೂಲ ಛಂದಸ್ಸು. ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬ ಪಿಂಗಳನ ಪ್ರಸ್ತಾರ ನಾಗವರ್ಮನ ‘ಛಂದೋಂಬುಧಿ’ಯ ಮೂಲಕ ಕನ್ನಡಕ್ಕೂ ಬಂತು. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಈ ಉಪಾಯವನ್ನು ಸ್ವರಕ್ಕೂ ತಾಳಕ್ಕೂ ಹಚ್ಚಿದ. ಏಳು ಸ್ವರಗಳನ್ನು ಒಂದೊಂದೇ ಸಲ ಬಳಸಿದರೆ 5040 ತಾನಗಳು. ಇಷ್ಟನ್ನು ಪಿಯುಸಿ ಹುಡುಗರೂ ಹೇಳಿಯಾರು. ಶಾರ್ಙ್ಗದೇವನ ಹೆಚ್ಚುಗಾರಿಕೆ ಮುಂದಿನ ಹೆಜ್ಜೆಯಲ್ಲಿದೆ. ಪೂರ್ತಿ ಪಟ್ಟಿ ಬರೆಯದೆಯೇ ಸಾವಿರನೆಯ ತಾನ ಯಾವುದು, ಕೊಟ್ಟ ತಾನ ಎಷ್ಟನೆಯದು ಎಂದು ‘ಖಂಡಮೇರು’ ಎಂಬ ಕೋಷ್ಟಕ ನೋಡಿ ಹೇಳಬಹುದು. ಮೊದಲನೆಯದಕ್ಕೆ ನಷ್ಟ, ಎರಡನೆಯದಕ್ಕೆ ಉದ್ದಿಷ್ಟ ಎಂದು ಹೆಸರು. ತಾಳದ ಲೆಕ್ಕ ಇನ್ನೂ ಸೊಗಸು. ದ್ರುತ, ಲಘು, ಗುರು, ಪ್ಲುತಗಳ ಅವಧಿಯನ್ನು 1, 2, 4, 6 ಎಂದು ಹಿಡಿದರೆ, ಒಟ್ಟು ಅವಧಿ ಒಂದೊಂದೇ ಹೆಚ್ಚಿದಂತೆ ಜೋಡಣೆಗಳು 1, 2, 3, 6, 10, 19, 33 ಎಂದು ಬೆಳೆಯುತ್ತವೆ. 33 ಎಲ್ಲಿಂದ ಬಂತು? ಒಂದು, ಎರಡು, ನಾಲ್ಕು, ಆರು ಮನೆ ಹಿಂದಿನ 19, 10, 3, 1 ಕೂಡಿಸಿ ನೋಡಿ. ಫಿಬೊನಾಚಿ ಸರಣಿಯನ್ನು ಪ್ರತಿ ವರ್ಷ ಬಣ್ಣದ ಚಾರ್ಟಿನಲ್ಲಿ ಅಂಟಿಸುವ ನಮ್ಮ ಶಾಲೆಗಳಿಗೆ ಈ ಸರಣಿಯ ಪರಿಚಯವೇ ಇದ್ದಂತಿಲ್ಲ.

17ನೇ ಶತಮಾನದ ತಂಜಾವೂರಿನಲ್ಲಿ ವೆಂಕಟಮಖಿ ಎಣಿಕೆಯನ್ನು ರಾಗಗಳಿಗೆ ತಂದರು. ಇವರು ನಾಯಕ ಅರಸರ ಮಂತ್ರಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ. ರಿಷಭ ಗಾಂಧಾರಗಳ ಜೋಡಿ ಆರು ಬಗೆ, ಧೈವತ ನಿಷಾದಗಳದು ಆರು, ಮಧ್ಯಮ ಎರಡು: ಗುಣಿಸಿದರೆ 72 ಮೇಳ, ಅಂದರೆ ಮೂಲರಾಗ. ಅವರ ಕಾಲದಲ್ಲಿ ಬಳಕೆಯಲ್ಲಿದ್ದವು 19 ಮಾತ್ರ. ಉಳಿದವು ಮೊದಲು ಲೆಕ್ಕದಲ್ಲಿ ಹುಟ್ಟಿದವು, ಹಾಡಿಗೆ ಬಂದದ್ದು ಆಮೇಲೆ. ಚೆನ್ನೈಯಲ್ಲಿ ನೆಲೆಸಿದ್ದ ಬಾಲಮುರಳಿಕೃಷ್ಣ ಅವರಂತೂ 72ರಲ್ಲೂ ಕೃತಿ ರಚಿಸಿದರು. ಮುಂದಿನವರು ಮೇಳದ ಹೆಸರಿನಲ್ಲೇ ಅದರ ಸಂಖ್ಯೆಯನ್ನು, ಅಕ್ಷರಕ್ಕೊಂದು ಅಂಕೆ ಕೊಡುವ ಕಟಪಯಾದಿ ಕ್ರಮದಲ್ಲಿ ಅಡಗಿಸಿದರು. ಧೀರಶಂಕರಾಭರಣದ ಧ ಎಂದರೆ 9, ರ ಎಂದರೆ 2, ತಿರುಗಿಸಿದರೆ 29. ಪುರಂದರದಾಸರು ಹಾಕಿಕೊಟ್ಟರೆಂದು ನಂಬಲಾದ ಮೊದಲ ಪಾಠಗಳ ಮಾಯಾಮಾಳವಗೌಳ ಇದೇ ಲೆಕ್ಕದಲ್ಲಿ 15.

ಮದರಾಸಿನಲ್ಲಿ ಈ ವಿದ್ಯೆಗೆ ಸಂಸ್ಥೆಗಳ ಬಲ ಬಂತು. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಆರಂಭವಾಯಿತು. ವೆಂಕಟಮಖಿಯ ‘ಚತುರ್ದಂಡೀಪ್ರಕಾಶಿಕೆ’ಯನ್ನು ಅದು 1934ರಲ್ಲಿ ಅಚ್ಚುಹಾಕಿತು. ಶಾರ್ಙ್ಗದೇವನ ಗ್ರಂಥ 1943ರಿಂದ ಅಡ್ಯಾರ್ ಗ್ರಂಥಾಲಯದಿಂದ ಸಂಪುಟಗಳಾಗಿ ಬಂತು. ಆದರೆ ವಿದ್ವಾಂಸರ ಶಕ್ತಿ ಬಹಳ ಖರ್ಚಾದದ್ದು ಶ್ರುತಿಗಳ, ಅಂದರೆ ಸೂಕ್ಷ್ಮ ಸ್ವರಸ್ಥಾನಗಳ, ಜಗಳದಲ್ಲಿ. ಸ್ಥಾಯಿಯಲ್ಲಿ ಶ್ರುತಿಗಳು 22 ಎಂಬುದು ಹಳೆಯ ಮಾತು. ತಂಜಾವೂರಿನ ಅಬ್ರಹಾಂ ಪಂಡಿತರು 1917ರ ‘ಕರುಣಾಮೃತ ಸಾಗರಂ’ನಲ್ಲಿ 24 ಎಂದು ವಾದಿಸಿದರು. ಗಣಿತವೇ ಇಲ್ಲಿ ಕೈಕೊಡುತ್ತದೆ. ಪಂಚಮದಿಂದ ಪಂಚಮಕ್ಕೆ ಹನ್ನೆರಡು ಸಲ ಏರಿದರೆ ಕಂಪನಸಂಖ್ಯೆ ಸುಮಾರು 129.75 ಪಟ್ಟು, ಏಳು ಸ್ಥಾಯಿ ಏರಿದರೆ 128 ಪಟ್ಟು. ಎರಡೂ ಎಂದೂ ಕೂಡುವುದಿಲ್ಲ.

ಈ ಜಗಳ ಕಂಪ್ಯೂಟರಿನ ಮುಂದೆ ಸಪ್ಪೆಯಾಯಿತು. 2011ರಲ್ಲಿ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯ ಆರಂಭಿಸಿದ ‘ಕಾಂಪ್‌ಮ್ಯೂಸಿಕ್’ ಯೋಜನೆಯಲ್ಲಿ ಮದರಾಸು ಐಐಟಿಯ ಹೇಮಾ ಮೂರ್ತಿ ಅವರ ತಂಡ ಕರ್ನಾಟಕ ಸಂಗೀತದ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿತು. ಇಂಥ ವಿಶ್ಲೇಷಣೆಯ ನಕ್ಷೆಗಳಲ್ಲಿ ಷಡ್ಜ ಪಂಚಮಗಳು ನೆಟ್ಟಗೆ ನಿಲ್ಲುತ್ತವೆ. ಗಮಕದ ಓಲಾಟ ಹೊತ್ತ ಸ್ವರ ಒಂದು ಬಿಂದುವಿನಲ್ಲಿ ನಿಲ್ಲದೆ ಅಗಲವಾಗಿ ಹರಡುತ್ತದೆ. ತೋಡಿಯ ಗಾಂಧಾರಕ್ಕೆ ಒಂದು ಭಿನ್ನರಾಶಿ ಕೊಟ್ಟು ಕೂರುವುದು ವ್ಯರ್ಥ ಎಂಬುದು ನನ್ನ ಅನಿಸಿಕೆ. ಎಣಿಕೆಯ ಕಡೆ ಮಾತ್ರ ಹೊಸ ಫಸಲು ಬರುತ್ತಲೇ ಇದೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಸ್ಥಾಪಕ ಸಿ. ಎಸ್. ಶೇಷಾದ್ರಿ ಸ್ವತಃ ಹಾಡುತ್ತಿದ್ದರು; ಅಲ್ಲಿಯೇ ಇದ್ದ ಆರ್. ಶ್ರೀಧರನ್, ಎಂ. ಡಿ. ಶ್ರೀನಿವಾಸ್ ಅವರೊಡಗೂಡಿ ಖಂಡಮೇರುವನ್ನು ಇಂದಿನ ಗಣಿತದ ಭಾಷೆಯಲ್ಲಿ ಬಿಡಿಸಿಟ್ಟರು.

ಮೃದಂಗದವರಿಗೆ ಈ ಬೀಜಗಣಿತ ಬೆರಳ ತುದಿಯಲ್ಲಿದೆ. ಆದಿತಾಳದ ಒಂದು ಆವರ್ತ ಚತುರಶ್ರ ಗತಿಯಲ್ಲಿ 32 ಮಾತ್ರೆ. ಮುಕ್ತಾಯದಲ್ಲಿ ಒಂದೇ ಸೊಲ್ಲುಕಟ್ಟು ಮೂರು ಸಲ, ನಡುವೆ ಎರಡು ಕಾರ್ವೆ, ಅಂದರೆ ಬಿಡುವು. ಕಾರ್ವೆ 1 ಮಾತ್ರೆಯಾದರೆ ಸೊಲ್ಲು 10, ಕಾರ್ವೆ 4 ಆದರೆ 8, 7 ಆದರೆ 6. ಕಾರ್ವೆ 2 ಅಥವಾ 3 ಇಟ್ಟರೆ ಸಮಕ್ಕೆ ಬೀಳುವುದೇ ಇಲ್ಲ. ಪ್ರಾಜೆಕ್ಟು ಕೊಡುವ ಮೇಷ್ಟ್ರುಗಳು ಈ ಸಲ ಶಾಲೆಯಲ್ಲಿ ಮೃದಂಗ ಕಲಿಯುವ ಮಗುವನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, 28 ಮಾತ್ರೆಗೆ ಯಾವ ಯಾವ ಮುಕ್ತಾಯ ಕೂಡುತ್ತದೆಂದು ತರಗತಿಯಿಂದಲೇ ಹುಡುಕಿಸಲಿ.