ಚಿದಂಬರ ರಹಸ್ಯ: ಏಲಕ್ಕಿ ತನಿಖೆಯೊಳಗಿನ ವಿಡಂಬನೆ

‘ಚಿದಂಬರ ರಹಸ್ಯ’ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಕಾದಂಬರಿ. 1985ರಲ್ಲಿ ಪ್ರಕಟವಾದ ಇದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ಪತ್ತೇದಾರಿ ಎನ್ನುವವರುಂಟು, ಪ್ರೇಮಕಥೆ ಎನ್ನುವವರುಂಟು, ಊರೊಂದು ಹಾಳಾದ ಕಥೆ ಎನ್ನುವವರೂ ಉಂಟು. ಮೂರೂ ಸುಳ್ಳಲ್ಲ.

ಕೆಸರೂರು

ಕೆಸರೂರು ಮಲೆನಾಡಿನ ಕಲ್ಪಿತ ಊರು. ಅಲ್ಲಿ ಏಲಕ್ಕಿ ಸಂಶೋಧಕ ಜೋಗಿಹಾಳ ಸತ್ತಿದ್ದಾರೆ, ಏಲಕ್ಕಿ ಇಳುವರಿ ಕುಸಿದಿದೆ. ಕಾರಣ ಹುಡುಕಲು ಗುಪ್ತಚರ ಅಧಿಕಾರಿಯೊಬ್ಬರು ಬಂದಿಳಿಯುತ್ತಾರೆ.

ಏಲಕ್ಕಿಯ ನಿಜ ಸಂಕಟ

ಏಲಕ್ಕಿ ಕುಸಿತದ ಈ ಭಾಗ ಕಲ್ಪನೆಯಲ್ಲ. ಗಿಡಹೇನು ಹರಡುವ ಕಟ್ಟೆ ರೋಗ ಏಲಕ್ಕಿ ತೋಟಗಳನ್ನೇ ನುಂಗುತ್ತಿತ್ತು. 80ರ ದಶಕದ ಹೊತ್ತಿಗೆ ರಫ್ತಿನಲ್ಲಿ ಗ್ವಾಟೆಮಾಲಾ ಭಾರತವನ್ನು ಹಿಂದಿಕ್ಕಿತ್ತು. ತೇಜಸ್ವಿ ಬಾಳಿದ ಮೂಡಿಗೆರೆಯಲ್ಲಿ ನಿಜವಾದ ಕೃಷಿ ಸಂಶೋಧನಾ ಕೇಂದ್ರವೇ ಇತ್ತು. ಅದು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಯಾರ ಮೇಲೆ ಈ ವ್ಯಂಗ್ಯ?

ಎಲ್ಲರ ಮೇಲೂ. ವಿಡಂಬನಕಾರರು ಸಾಮಾನ್ಯವಾಗಿ ತಮ್ಮ ಕಡೆಯವರನ್ನು ಬಿಟ್ಟು ಉಳಿದವರನ್ನು ಗೇಲಿ ಮಾಡುತ್ತಾರೆ. ತೇಜಸ್ವಿ ಹಾಗೆ ಮಾಡುವುದಿಲ್ಲ. ಸಮಾಜವಾದಿ ನಾಯಕ ಲೋಹಿಯಾ ಅವರ ವಿಚಾರಗಳಿಂದ ಪ್ರಭಾವಿತರಾದ ಅವರು ಇಲ್ಲಿ ಕ್ರಾಂತಿಯ ಮಾತಾಡುವ ಹುಡುಗರನ್ನೂ ಬಿಟ್ಟಿಲ್ಲ. ವ್ಯವಸ್ಥೆ ಉರುಳಿಸಲು ಹೊರಟವರ ತಲೆ ತುಂಬ ಹುಡುಗಿಯರ ಚಿಂತೆ. ಜಾತಿವಾದಿ, ಮತಾಂಧ, ವ್ಯಾಪಾರಿ, ಅಧಿಕಾರಿ, ಪ್ರತಿಯೊಬ್ಬನಿಗೂ ತನ್ನದೇ ವಿವರಣೆ. ಪಕ್ಕದವನಿಗೆ ಕಾಣುವುದು ಇವನಿಗೆ ಕಾಣದು. ತನಿಖೆ ಮುಂದುವರಿದಷ್ಟೂ ಸುಳಿವುಗಳು ಹೆಚ್ಚುತ್ತವೆ, ಉತ್ತರ ದೂರ ಸರಿಯುತ್ತದೆ. ಓದುಗ ನಗುತ್ತಿರುವಾಗಲೇ ಊರು ಬೆಂಕಿಯ ಕಡೆಗೆ ನಡೆದಿರುತ್ತದೆ.

ಪತ್ತೇದಾರಿ ಚೌಕಟ್ಟೇ ಲೇಖಕರ ದೊಡ್ಡ ಚೇಷ್ಟೆ ಎಂದು ನನ್ನೆಣಿಕೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಸಿಕ್ಕರೆ ನಾವು ನಿರಾಳ. ಇಲ್ಲಿ ಒಬ್ಬನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲು ದಾರಿಯಿಲ್ಲ. ಊರಿನ ಯುವಪ್ರೇಮಿಗಳಾದ ರಫಿ–ಜಯಂತಿಯರ ಪ್ರೇಮಕ್ಕೆ ಮಾತ್ರ ಲೇಖಕರ ಲೇವಡಿ ಅಷ್ಟಾಗಿ ತಾಗಿಲ್ಲ. ಆದರೂ ಜಯಂತಿಯ ಒಳಮನಸ್ಸಿಗೆ ಇನ್ನಷ್ಟು ಪುಟ ಸಿಗಬೇಕಿತ್ತು.

ಎಲ್ಲಿಂದ ಶುರುಮಾಡುವುದು?

1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ನವ್ಯ ಸಾಹಿತ್ಯದ ಹಾದಿ ತಮಗೆ ಸಾಲದೆಂದು ಹೊರಬಂದಿದ್ದರು. ಹೊಸ ಓದುಗರು 1980ರ ‘ಕರ್ವಾಲೊ’ ಮುಗಿಸಿ ಇಲ್ಲಿಗೆ ಬರುವುದು ಮೇಲು. ಅಲ್ಲಿ ಹುಡುಕಿ ಹೊರಟವರಿಗೆ ಹಾರುವ ಓತಿಯಾದರೂ ಕಣ್ಣಿಗೆ ಬೀಳುತ್ತದೆ.