ತಿಜೋರಿಗೆ ಎರಡು ಬೀಗದ ಕೈ

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್. ಕಂಪ್ಯೂಟರಿನ ಯಾವ ಬಿಡಿಭಾಗ ಬೇಕಿದ್ದರೂ ಮುಂಬಯಿಯವರು ಮೊದಲು ಹುಡುಕುತ್ತಿದ್ದುದು ಇಲ್ಲೇ. ಅದಕ್ಕೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದು ಮರುನಾಮಕರಣವಾಗಿ ಎಷ್ಟೋ ಕಾಲವಾಯಿತು. ಟ್ಯಾಕ್ಸಿಯವನಿಗೆ ಹಾಗೆ ಹೇಳಿದರೆ ಮಾತ್ರ ಒಂದು ಕ್ಷಣ ಯೋಚಿಸುತ್ತಾನೆ. ಪಶ್ಚಿಮಕ್ಕೆ ಇಳಿದರೆ ಗಾಮ್‌ದೇವಿ. ಅಲ್ಲಿ 1915ರಲ್ಲಿ ನಮ್ಮ ಕೆನರಾ ಕಡೆಯ ಸಾರಸ್ವತರು ಆರಂಭಿಸಿದ ವಸತಿ ಸಂಘ ದೇಶದ ಮೊದಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಒಂದು. ಸರ್ವರ್, ಡೇಟಾಬೇಸ್‌ಗಳನ್ನು ಕಾಯುವ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದ ನನಗೆ ಸ್ಟೇಷನ್ನಿನ ಈ ಎರಡು ಬದಿಗಳು ಒಂದೇ ಕಥೆಯ ಎರಡು ಅಧ್ಯಾಯಗಳಂತೆ ಕಾಣುತ್ತವೆ.

ಮೊದಲ ಅಧ್ಯಾಯ ಶುರುವಾಗುವುದು 1906ರಲ್ಲಿ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದು ಆಗ ಎರಡೇ ವರ್ಷ. ಚಿತ್ರಾಪುರ ಸಾರಸ್ವತರು ಗುಮಾಸ್ತರಾಗಿ, ಮಾಸ್ತರರಾಗಿ, ವಕೀಲರಾಗಿ ಮುಂಬಯಿಗೆ ಬರುತ್ತಿದ್ದ ಕಾಲ. ಪಂಜೆ ಮಂಗೇಶರಾಯರು, ಗಿರೀಶ ಕಾರ್ನಾಡರು ಇದೇ ಸಮಾಜದವರು ಎಂದರೆ ನಿಮಗೆ ಗುರುತು ಸಿಕ್ಕೀತು. ಶ್ರೀಪಾದ ಸುಬ್ಬರಾವ್ ತಲ್ಮಕಿ ಎಂಬವರು ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಆ ವರ್ಷ ಡಿಸೆಂಬರ್ 27ರಂದು ಒಂದು ಪತ್ತಿನ ಸಂಘ ಆರಂಭಿಸಿದರು. ಇಂದಿನ ಎಸ್‌ವಿಸಿ ಬ್ಯಾಂಕು ಅದೇ. ಊರು ಬಿಟ್ಟು ಬಂದವರ ಸಣ್ಣ ಉಳಿತಾಯ, ಅದರಿಂದಲೇ ಅವರವರಿಗೆ ಸಣ್ಣ ಸಾಲ. ಹೋದರೆ ನಮ್ಮವರದೇ ದುಡ್ಡು ಹೋಗುವುದು.

ಅಂಥ ದುಡ್ಡನ್ನು ಬ್ಯಾಂಕುಗಳು ಕಾಯುತ್ತಿದ್ದ ರೀತಿ ನೋಡಿ. ತಿಜೋರಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರರ ಬಳಿ, ಇನ್ನೊಂದು ಕ್ಯಾಷಿಯರರ ಬಳಿ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಗುಮಾಸ್ತ ಲೆಡ್ಜರಿನಲ್ಲಿ ಬರೆದದ್ದಕ್ಕೆ ಅಧಿಕಾರಿಯ ಸಹಿ ಬೀಳಬೇಕು. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಲೆಡ್ಜರಿನ ಒಂದು ಪಡಿಯಚ್ಚು ಪಾಸ್‌ಬುಕ್ ರೂಪದಲ್ಲಿ ಗ್ರಾಹಕನ ಮನೆಯ ಟ್ರಂಕಿನಲ್ಲೇ ಇರುತ್ತದೆ. ಲೆಕ್ಕ ತಿದ್ದಲು ಹೊರಟವನು ಆ ಎಲ್ಲ ಟ್ರಂಕುಗಳನ್ನೂ ಒಡೆಯಬೇಕು!

ಕಂಪ್ಯೂಟರ್ ಬಂದಾಗ ಈ ಏರ್ಪಾಡು ಸಡಿಲವಾಯಿತು. 1983ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಯಂತ್ರೀಕರಣದ ಒಪ್ಪಂದವಾಯಿತು, ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂತು. ಶಾಖೆಗಳಿಗೆ ಮೊದಲು ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಮೇಲೆ ಕೋರ್ ಬ್ಯಾಂಕಿಂಗ್ ಬಂದು, ಎಲ್ಲ ಶಾಖೆಗಳ ಲೆಡ್ಜರುಗಳೂ ಒಂದೇ ಡೇಟಾಬೇಸಿನೊಳಗೆ ಸೇರಿದವು. ಎಸ್‌ವಿಸಿ ಬ್ಯಾಂಕು ಇದಕ್ಕಾಗಿ 'ಜೀನಿಯಸ್' ಎಂಬ ತಂತ್ರಾಂಶವನ್ನು ತಾನೇ ಬೆಳೆಸಿ ಬೇರೆ ಸಹಕಾರಿ ಬ್ಯಾಂಕುಗಳಿಗೂ ಒದಗಿಸಿತು. ಅನುಕೂಲ ಅಪಾರ. ಆದರೆ ಡೇಟಾಬೇಸಿನ ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದವನು ಬರೆಯಲೂಬಲ್ಲ, ಸಹಿ ಹಾಕಲೂಬಲ್ಲ, ಬರೆದ ಗುರುತನ್ನು ಅಳಿಸಲೂಬಲ್ಲ. ಎರಡೂ ಬೀಗದ ಕೈ ಒಂದೇ ಗೊಂಚಲಿಗೆ ಬಂದಿದ್ದವು.

ಇದನ್ನು ದೊಡ್ಡವನಂತೆ ಹೇಳುತ್ತಿದ್ದೇನೆ, ಆದರೆ ಆ ಗೊಂಚಲನ್ನು ಬಾಗಿಲಲ್ಲೇ ನೇತುಹಾಕಿ ಬಂದವರಲ್ಲಿ ನಾನೂ ಒಬ್ಬ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವ್ಯಾಪಾರಿ ಕಚೇರಿಗೆ ಸರ್ವರ್ ಹಾಕಿಕೊಟ್ಟೆ. ಬಿಲ್ಲು, ಸಂಬಳದ ಪಟ್ಟಿ, ಕರಾರುಪತ್ರ ಎಲ್ಲವೂ ಒಂದೇ ಶೇರ್ಡ್ ಫೋಲ್ಡರಿನಲ್ಲಿ. ಅದಕ್ಕೆ ಎಲ್ಲರಿಗೂ ಪೂರ್ಣ ಅನುಮತಿ, ಏಕೆಂದರೆ ಹಾಗೆ ಮಾಡಿದರೆ ಯಾರೂ ಫೋನ್ ಮಾಡಿ ಗೋಳು ಹೊಯ್ದುಕೊಳ್ಳುವುದಿಲ್ಲ. ಪಕ್ಕದಲ್ಲೇ ಎಸ್‌ಕ್ಯೂಎಲ್ ಸರ್ವರ್, ಅದರ ಮುಖ್ಯ ಖಾತೆಗೆ ಪಾಸ್‌ವರ್ಡೇ ಇಲ್ಲ. 2003ರ ಜನವರಿ 25ರಂದು 'ಸ್ಲ್ಯಾಮರ್' ಎಂಬ ಹುಳು ಜಗತ್ತನ್ನು ಸುತ್ತಿತು. ಅದರ ಗಾತ್ರ ಬರೇ 376 ಬೈಟ್. ಸಿಕ್ಕಬಹುದಾದ ಸರ್ವರುಗಳಲ್ಲಿ ಹೆಚ್ಚಿನವನ್ನು ಹತ್ತೇ ನಿಮಿಷದಲ್ಲಿ ಹಿಡಿದಿತ್ತು. ಆ ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿತ್ತು, ಹಾಕಿಕೊಂಡವರು ಕಡಿಮೆ. ಅದು ದತ್ತಾಂಶ ಕದಿಯಲಿಲ್ಲ, ನೆಟ್‌ವರ್ಕ್ ಉಸಿರುಗಟ್ಟಿಸಿತು ಅಷ್ಟೆ. ಕದಿಯುವ ಹುಳುವಾಗಿದ್ದರೆ ನನ್ನ ಆ ಫೋಲ್ಡರಿನ ಗತಿ ಏನಾಗುತ್ತಿತ್ತೋ!

ಹಳೆಯ ಶಿಸ್ತನ್ನು ಕಂಪ್ಯೂಟರಿನೊಳಗೆ ಮರಳಿ ತಂದ ಉದಾಹರಣೆ ಊರಿನಲ್ಲೇ ಇತ್ತು. ರಜೆಯಲ್ಲಿ ಹೋದಾಗ ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸುವವರಿಗೆ 'ಭೂಮಿ' ಗೊತ್ತೇ ಇದೆ. 2000ದ ಆಸುಪಾಸಿನಲ್ಲಿ, ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕರ್ನಾಟಕ ಸುಮಾರು ಎರಡು ಕೋಟಿ ಪಹಣಿಗಳನ್ನು ಡೇಟಾಬೇಸಿಗೆ ತಂದಿತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದಾದ ಮೇಲೆ, ಆ ಡೇಟಾಬೇಸಿನ ಒಂದು ಸಾಲು ತಿದ್ದಿದರೆ ಒಬ್ಬರ ಹೊಲವೇ ಹೋಯಿತು. ಅದಕ್ಕೆ ಅಲ್ಲಿ ಪಾಸ್‌ವರ್ಡನ್ನಷ್ಟೇ ನಂಬಲಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕು. 'ನನ್ನ ಪಾಸ್‌ವರ್ಡ್ ಯಾರೋ ಬಳಸಿದರು ಸಾರ್' ಎನ್ನಲು ಬರುವುದಿಲ್ಲ.

ಇನ್ನು ಪುಣೆಯ ಕಥೆ. ಕಾಸ್ಮಾಸ್ ಸಹಕಾರಿ ಬ್ಯಾಂಕು ಹುಟ್ಟಿದ್ದೂ 1906ರಲ್ಲೇ. 2018ರ ಆಗಸ್ಟ್ 11, ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನಕಲಿ ಕಾರ್ಡ್ ಹಿಡಿದವರು ಅಂದು 28 ದೇಶಗಳ ಎಟಿಎಂಗಳಲ್ಲಿ ಕೆಲವೇ ಗಂಟೆಗಳೊಳಗೆ ಸುಮಾರು 78 ಕೋಟಿ ರೂಪಾಯಿ ತೆಗೆದರು. ಕೊಲ್ಹಾಪುರವೂ ಸೇರಿ ದೇಶದೊಳಗೆ ಇನ್ನೂ ಎರಡೂವರೆ ಕೋಟಿ ಹೋಯಿತು. ಸೋಮವಾರ 13ರಂದು ಸ್ವಿಫ್ಟ್ ಮೂಲಕ 13.92 ಕೋಟಿ ಹಾಂಗ್‌ಕಾಂಗಿನ ಖಾತೆಯೊಂದಕ್ಕೆ ಹಾರಿತು. ಒಟ್ಟು 94 ಕೋಟಿಗೂ ಮೇಲೆ.

ನಮ್ಮ ವೃತ್ತಿಯವರನ್ನು ಕಾಡುವ ಅಂಶ ಬೇರೆಯೇ. ಕೋರ್ ಬ್ಯಾಂಕಿಂಗ್‌ಗೆ ಏನೂ ಆಗಿಲ್ಲ ಎಂದು ಬ್ಯಾಂಕು ಹೇಳಿತು. ಎಟಿಎಂ 'ಈ ಖಾತೆಯಲ್ಲಿ ದುಡ್ಡಿದೆಯೇ?' ಎಂದು ಕೇಳಿದಾಗ ಆ ಪ್ರಶ್ನೆಯನ್ನು ಡೇಟಾಬೇಸಿಗೆ ಒಯ್ದು ಉತ್ತರ ತರುವುದು 'ಸ್ವಿಚ್' ಎಂಬ ಇನ್ನೊಂದು ಸರ್ವರ್. ಕಳ್ಳರು ಮಾಲ್‌ವೇರ್ ಮೂಲಕ ನೆಟ್‌ವರ್ಕಿನೊಳಗೆ ನುಸುಳಿ ಅದರ ಜಾಗದಲ್ಲಿ ತಮ್ಮದೊಂದು ಸುಳ್ಳು ಸ್ವಿಚ್ ಕೂರಿಸಿದ್ದರು. ಅದು ಡೇಟಾಬೇಸನ್ನು ಕೇಳದೆಯೇ 'ಇದೆ, ಕೊಡಿ' ಎನ್ನುತ್ತಿತ್ತು. ಲೆಡ್ಜರ್ ಭದ್ರವಾಗಿ ಬೀರುವಿನಲ್ಲಿದೆ, ಕೌಂಟರಿನಲ್ಲಿ ಮಾತ್ರ ಗುಮಾಸ್ತನ ವೇಷದಲ್ಲಿ ಇನ್ನಾರೋ ಕೂತಿದ್ದಾನೆ. ಇಂಥದ್ದೊಂದು ಎಟಿಎಂ ಲೂಟಿ ನಡೆಯಬಹುದೆಂದು ಅಮೆರಿಕದ ಎಫ್‌ಬಿಐ ಹಿಂದಿನ ದಿನವೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2019ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಇದನ್ನು ಉತ್ತರ ಕೊರಿಯಾದ ದಾಳಿಗಳ ಸಾಲಿಗೆ ಸೇರಿಸಿತು. ಇಲ್ಲಿ ಹಣ ತೆಗೆದ 11 ಮಂದಿಗೆ ಪುಣೆಯ ನ್ಯಾಯಾಲಯ 2023ರಲ್ಲಿ ಶಿಕ್ಷೆ ವಿಧಿಸಿತು.

2018ರ ಅಕ್ಟೋಬರ್ 19ರಂದು ರಿಸರ್ವ್ ಬ್ಯಾಂಕು ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಮೂಲ ಚೌಕಟ್ಟು ಹೊರಡಿಸಿತು. ಓದಿದರೆ ಏನೂ ಹೊಸತೆನಿಸುವುದಿಲ್ಲ: ನಿಮ್ಮಲ್ಲಿ ಯಾವ ಯಂತ್ರಗಳಿವೆ ಎಂದು ಪಟ್ಟಿ ಮಾಡಿ, ಸಿಬ್ಬಂದಿಯ ಕಂಪ್ಯೂಟರಿನಿಂದ ಅಡ್ಮಿನ್ ಅಧಿಕಾರ ತೆಗೆಯಿರಿ, ಪ್ಯಾಚ್ ಹಾಕಿ. ಪಟ್ಟಿ ಮಾಡುವುದೇ ಎಲ್ಲಕ್ಕಿಂತ ಕಷ್ಟ ಎಂದು ನನ್ನ ಅನುಭವ. ಮೇಜಿನ ಕೆಳಗೆ, ಯಾರಿಗೂ ನೆನಪಿಲ್ಲದ, ಇನ್ನೂ ಉಸಿರಾಡುತ್ತಿರುವ ಫೈಲ್ ಸರ್ವರ್ ಒಂದು ಸಿಕ್ಕೇ ಸಿಗುತ್ತದೆ. ಆಮೇಲೆ ಡೇಟಾಬೇಸಿಗೂ ಸಿಬ್ಬಂದಿಯ ಕಂಪ್ಯೂಟರುಗಳಿಗೂ ನಡುವೆ ಫೈರ್‌ವಾಲ್, ಅಡ್ಮಿನ್ ಕೈಗೆ ಸಿಗದ ಬೇರೆ ಯಂತ್ರದಲ್ಲಿ ಲಾಗ್, ನೆಟ್‌ವರ್ಕಿನಿಂದ ಕಳಚಿಟ್ಟ ಬ್ಯಾಕಪ್. ಈ ಕೊನೆಯದು ಟ್ರಂಕಿನಲ್ಲಿದ್ದ ಪಾಸ್‌ಬುಕ್ಕೇ ಅಲ್ಲವೇ?

ಕಳೆದ ಪ್ರಾಜೆಕ್ಟಿನಲ್ಲಿ ಡೇಟಾಬೇಸಿನ ಮುಖ್ಯ ಖಾತೆಯ ಪಾಸ್‌ವರ್ಡನ್ನು ಎರಡು ತುಂಡು ಮಾಡಿದೆವು. ಅರ್ಧ ನಮ್ಮ ತಂಡದವರು ಟೈಪ್ ಮಾಡಿದರು, ಉಳಿದರ್ಧ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರು, ಪರದೆಗೆ ಬೆನ್ನು ಹಾಕಿ ನಿಲ್ಲಿ ಎಂದು ನಮಗೆ ಗದರಿ. ಎರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಅರಗು ಒತ್ತಿ ತಿಜೋರಿಯಲ್ಲಿಟ್ಟೆವು. ಬಾಗಿಲು ಮುಚ್ಚಲು ಅವರು ತಮ್ಮ ಬೀಗದ ಕೈ ತಿರುಗಿಸಿ, ಇನ್ನೊಂದನ್ನು ತರಲು ಕ್ಯಾಷಿಯರರನ್ನು ಕೂಗಿದರು.